ಬಗಾಸ್ ಪುಡಿಯೂ ರಬ್ಬರಿನ ಬಲವೂ

ಪ್ರಶ್ನೆ: ಸರ್, ಮುಧೋಳದ ಹತ್ತಿರ ನಮ್ಮದು ಸಣ್ಣ ರಬ್ಬರ್ ಮೋಲ್ಡಿಂಗ್ ಘಟಕ. ಬಗಾಸ್ (ಕಬ್ಬು ಅರೆದು ಉಳಿದ ಸಿಪ್ಪೆ) ಪುಡಿ ಹಾಕಿದರೆ ಕಾರ್ಬನ್ ಬ್ಲ್ಯಾಕ್ (ರಬ್ಬರಿಗೆ ಬಲ ಕೊಡುವ ಕಪ್ಪು ಮಸಿಪುಡಿ) ಪೂರ್ತಿ ಬಿಡಬಹುದು ಅಂತ ಒಬ್ಬರು ‘ಗ್ರೀನ್ ಪೌಡರ್’ ಮಾರಲು ಬಂದಿದ್ದಾರೆ. ಟೆನ್ಸೈಲ್ (ಜಗ್ಗಿದಾಗ ತಡೆಯುವ ಬಲದ) ರಿಪೋರ್ಟ್ ಕೂಡ ತೋರಿಸಿದರು. ತಗೊಳ್ಳಬಹುದೇ?

ಉತ್ತರ: ಬೇಡ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು.

ಮೊದಲು ಆ ರಿಪೋರ್ಟು. ಪುಡಿ ಹಾಕದ ತುಂಡಿನ ಅಂಕಿ ಅದರಲ್ಲಿತ್ತೇ? ಸಹಜ ರಬ್ಬರನ್ನು ಜಗ್ಗಿದಾಗ ಅದರ ಅಣುಗಳ ಸರಪಳಿಗಳು ಸಾಲುಗೂಡಿ ಹರಳುಗಟ್ಟುತ್ತವೆ. ಹಾಗಾಗಿ ಫಿಲ್ಲರೇ (ರಬ್ಬರಿಗೆ ಬೆರೆಸುವ ಇಂಥ ಪುಡಿಯೇ) ಇಲ್ಲದ ಒಳ್ಳೆಯ ಗಮ್ ಕಾಂಪೌಂಡ್ ಕೂಡ ಟೆನ್ಸೈಲ್ ಬಲದಲ್ಲಿ 20 ಮೆಗಾಪ್ಯಾಸ್ಕಲ್ ದಾಟುತ್ತದೆ. ಅದನ್ನೇ ತೋರಿಸಿ ‘ನಮ್ಮ ಪುಡಿಯ ಬಲ’ ಅನ್ನುವವರು ಬಹಳ ಮಂದಿ. ನಾವು ಫಿಲ್ಲರ್ ಹಾಕುವುದು ಮಾಲು ಹರಿಯದಿರಲಿ, ಸವೆಯದಿರಲಿ, ಬಿಗುವು ಬರಲಿ ಅಂತ. ಅದರ ಅಂಕಿ ಕೇಳಿ ನೋಡಿ, ಫೋನ್ ಎತ್ತುವುದಿಲ್ಲ.

ಎನ್330 ಎಂಬ ದರ್ಜೆಯ ಕಾರ್ಬನ್ ಬ್ಲ್ಯಾಕಿನ ಮೂಲ ಕಣ ಸುಮಾರು 30 ನ್ಯಾನೊಮೀಟರ್. 100 ಮೆಶ್ ಜರಡಿ ಹಿಡಿದ ಬಗಾಸಿನ ಚೂರು 150 ಮೈಕ್ರಾನ್‌ವರೆಗೂ ಇರುತ್ತದೆ, ಅಂದರೆ ಐದು ಸಾವಿರ ಪಟ್ಟು ದಪ್ಪ. ಅದು ಅನ್ನದಲ್ಲಿನ ಹರಳಿನ ಹಾಗೆ ಕೂತಿರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೇಲಾಗಿ ಬಗಾಸಿನ ನಾರಿನಲ್ಲಿರುವ ಸೆಲ್ಯುಲೋಸಿನ ಮೈತುಂಬ ನೀರು ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳು. ರಬ್ಬರಿಗೆ ನೀರೇ ಆಗದು. ಇವೆರಡು ಅಂಟುವುದಾದರೂ ಹೇಗೆ?

ಇನ್ನು ತೇವ. ಗಿರಣಿಯಿಂದ ಹೊರಬಿದ್ದ ಬಗಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಬಿಸಿಲಿಗೆ ಹರವಿ ಒಣಗಿಸಿದರೂ ಗಾಳಿಯಿಂದ ಮತ್ತೆ ಹೀರುತ್ತದೆ. 150 ಡಿಗ್ರಿಯ ಅಚ್ಚಿನಲ್ಲಿ ಅದು ಉಗಿಯಾಗುತ್ತದೆ. ಬೆಳಗಾವಿಯ ಉದ್ಯಮಬಾಗದಿಂದ ಒಬ್ಬರು ಬಗಾಸ್ ಪುಡಿ ಹಾಕಿದ ಒಂದು ರಬ್ಬರ್ ಬುಷ್ (ಕೊಳವೆಯಂಥ ಬಿಡಿಭಾಗ) ತಂದಿದ್ದರು. ಹೊರಗೆ ನುಣ್ಣಗಿತ್ತು, ಬ್ಲೇಡಿನಿಂದ ಅಡ್ಡ ಕೊಯ್ದರೆ ಒಳಗೆಲ್ಲ ಸೂಜಿಮೊನೆಯಷ್ಟು ತೂತು. 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಅಂದರೆ ಕರೆಂಟ್ ಬಿಲ್ಲಿನ ಮಾತು ತೆಗೆಯುತ್ತಾರೆ.

ಹಾಗಂತ ಈ ವಿದ್ಯೆಯೇ ಸುಳ್ಳಲ್ಲ. ಸಸ್ಯದ ನಾರುಗಳನ್ನು ಬಿಗಿದಿಡುವ ಲಿಗ್ನಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಕ್ಷಾರದಲ್ಲಿ ಕರಗಿಸಿ, ಅಮೋನಿಯಾ ಹಾಕಿದ ಲ್ಯಾಟೆಕ್ಸಿಗೆ (ರಬ್ಬರ್ ಹಾಲಿಗೆ) ಬೆರೆಸಿ, ಆಮ್ಲ ಬಿಟ್ಟು ಎರಡನ್ನೂ ಒಟ್ಟಿಗೆ ಹೆಪ್ಪುಗಟ್ಟಿಸಿದರೆ ಕಣ ಸಣ್ಣದಾಗಿಯೇ ಉಳಿದು ನಿಜವಾದ ಬಲ ಕೊಡುತ್ತದೆ. ಅಮೆರಿಕದ ಕೀಲನ್ ಮತ್ತು ಪೊಲಾಕ್ ಇದನ್ನು 1947ರಲ್ಲೇ ಬರೆದಿದ್ದಾರೆ. ಅದೇ ಲಿಗ್ನಿನ್ನನ್ನು ಒಣಪುಡಿಯಾಗಿ ರಬ್ಬರ್ ಬೆರೆಸುವ ಮಿಲ್ಲಿಗೆ ಸುರಿದರೆ ಗಂಟು ಒಡೆಯುವುದಿಲ್ಲ. ನಿಮ್ಮ ತೊಡಕು ಇಲ್ಲಿಯೇ ಇದೆ: ನೀವು ವಾಪರಿಸುವುದು ಒಣಗಿದ ಶೀಟ್ ರಬ್ಬರು. ಲ್ಯಾಟೆಕ್ಸ್ ತರಿಸಿದರೆ ನೂರು ಕಿಲೋದಲ್ಲಿ 40 ಕಿಲೋ ನೀರಿಗೂ ಕೇರಳದಿಂದ ಲಾರಿ ಬಾಡಿಗೆ ಕೊಡಬೇಕು. ಆಮ್ಲ ತೊಳೆದ ನೀರನ್ನು ಎಲ್ಲಿ ಬಿಡುತ್ತೀರಿ? ಘಟಪ್ರಭೆಗಂತೂ ಬೇಡ.

ಹಟವಿದ್ದರೆ ಲಿಗ್ನಿನ್ ಬೆರೆತ ರಬ್ಬರನ್ನೇ ಕೊಂಡು, ಡೋರ್ ಮ್ಯಾಟಿನಂಥ ಮಾಲಿನಲ್ಲಿ ನೂರು ಭಾಗ ರಬ್ಬರಿಗೆ ಐದು ಭಾಗ ಕಾರ್ಬನ್ ಬ್ಲ್ಯಾಕ್ ಕಡಿಮೆ ಮಾಡಿ ನೋಡಿ. ಲಿಗ್ನಿನ್ ಆಕ್ಸಿಲರೇಟರನ್ನು (ಕ್ಯೂರ್ ಬೇಗ ಮಾಡಿಸುವ ರಾಸಾಯನಿಕವನ್ನು) ಹಿಡಿದಿಟ್ಟುಕೊಂಡು ಕ್ಯೂರ್ (ಅಚ್ಚಿನಲ್ಲಿ ರಬ್ಬರು ಬಿಗಿಯುವುದು) ತಡಮಾಡಬಹುದು, ಅದನ್ನು ಅಳೆಯುವ ರಿಯೋಮೀಟರ್ ನೋಡದೆ ಟೈಮ್ ಇಡಬೇಡಿ. ಟೇರ್ (ಹರಿಯುವಿಕೆ), ಸವೆತ, ಕಂಪ್ರೆಷನ್ ಸೆಟ್ (ಒತ್ತಿ ಬಿಟ್ಟ ಮೇಲೂ ಉಳಿಯುವ ತಗ್ಗು) ಪರೀಕ್ಷೆಗಳನ್ನು ರಬ್ಬರ್ ಪರೀಕ್ಷೆಯ ಭಾರತೀಯ ಮಾನಕ ಐಎಸ್ 3400ರ ಪ್ರಕಾರ ಮಾಡಿಸಿ, ನೀರಿನಲ್ಲಿ ನೆನೆಸಿಟ್ಟ ತುಂಡಿಗೂ ಮಾಡಿಸಿ. ಎಂಜಿನ್ ಮೌಂಟ್, ಪಂಪ್ ಸೀಲಿಗೆ ಮಾತ್ರ, ಲ್ಯಾಬಿನವರು ಪಾಸು ಮಾಡಿದರೂ ನಾನು ಹೂಂ ಅನ್ನುವುದಿಲ್ಲ.

ಪ್ರಶ್ನೆ: ಗುಡ್‌ಇಯರ್‌ನವರು ಟೈರಿಗೆ ಗೋವಿನಜೋಳ ಹಾಕಿದ್ದರಂತೆ. ನಾನೂ ಹಿಟ್ಟು ಹಾಕಲೇ? (ವಿಜಯಪುರ)

ಉತ್ತರ: 2001ರಲ್ಲಿ ಅವರು ಹಾಕಿದ್ದು ಸಂಸ್ಕರಿಸಿ ಅತಿ ಸೂಕ್ಷ್ಮ ಮಾಡಿದ ಪಿಷ್ಟ, ಅದೂ ಕಾರ್ಬನ್ ಮತ್ತು ಸಿಲಿಕಾದ ಒಂದು ಪಾಲಿಗೆ ಬದಲಾಗಿ. ಹಿಟ್ಟಿನಿಂದ ರೊಟ್ಟಿ ಮಾಡಿ.

ಪ್ರಶ್ನೆ: ಇಂಥ ಫಿಲ್ಲರ್ ಹಾಕಿದ ರಬ್ಬರು ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತದೆಯೇ? (ಗೋಕಾಕ)

ಉತ್ತರ: ಇಲ್ಲ. ಗಂಧಕದ ಕೊಂಡಿ ಬಿದ್ದ ರಬ್ಬರು ಹೊಲದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಗೊಬ್ಬರವಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆದು ಮಾರುವವರಿಂದ ಮಾಲು ತಗೊಳ್ಳಬೇಡಿ.

ಪ್ರಶ್ನೆ: ಚಪ್ಪಲಿಯ ಬಿಳಿ ಸೋಲಿಗೆ (ಅಟ್ಟೆಗೆ) ಲಿಗ್ನಿನ್ ನಡೆಯುತ್ತದೆಯೇ? (ಇಳಕಲ್)

ಉತ್ತರ: ಲಿಗ್ನಿನ್ ಕಂದು ಬಣ್ಣದ್ದು. ಸೋಲೂ ಕಂದಾಗುತ್ತದೆ.