ಯಾದಗಿರಿಯ ಕ್ರಿಶ್ಚಿಯನ್ ಸ್ಕೂಲ್‌ನಾಗ 6, 7, 8ನೇ ಕ್ಲಾಸಿಗೆ ಕಂಪ್ಯೂಟರ್ ಹ್ಯಾಂಗ ಕಲಿಸಬೇಕು?

ನೀವು ಕೇಳಿದ್ದು ಇಷ್ಟು: ಬಿಸಿಎ ಮುಗ್ಸೀರಿ, ಯಾದಗಿರಿಯಾಗ ಒಂದು ಕ್ರಿಶ್ಚಿಯನ್ ಸ್ಕೂಲ್‌ನಾಗ 6ರಿಂದ 8ನೇ ಕ್ಲಾಸಿಗೆ ಕಂಪ್ಯೂಟರ್ ಟೀಚರ್ ಕೆಲಸ ಸಿಕ್ಕದ, ನೀವು ಕ್ರಿಶ್ಚಿಯನ್ ಅಲ್ಲ, ಲ್ಯಾಬ್‌ನಾಗ ಮಷಿನ್ ಕಮ್ಮಿ ಅವ, ಪುಸ್ತಕ ತೆಗದು ನೋಡಿದ್ರ ಎಲ್ಲಿಂದ ಶುರು ಮಾಡಬೇಕು ಅಂತ ತಿಳೀವಲ್ದು. ನಾ ಕಲಬುರಗಿಯಾಗ ಇಂಥದೇ ಒಂದು ಮಿಷನ್ ಸಾಲ್ಯಾಗ ಭಾಳ ವರ್ಷದಿಂದ ಇದೇ ಕ್ಲಾಸ್‌ಗಳಿಗೆ ಹೇಳ್ಕೋತ ಬಂದೀನಿ, ನಾನೂ ಕ್ರಿಶ್ಚಿಯನ್ ಅಲ್ಲ. ಅದಕ್ಕ ಬರೀಲತ್ತೀನಿ, ಉದ್ದ ಆಗ್ತದ, ಪೂರಾ ಓದ್ರಿ.

ಮೊದಲು ಧರ್ಮದ ಮಾತು ಮುಗಿಸ್ತೀನಿ, ಯಾಕಂದ್ರ ನಿಮಗ ಅದೇ ಜಾಸ್ತಿ ಚಿಂತಿ ಆದಂಗ ಕಾಣಸ್ತದ. ಮುಂಜಾನೆ ಅಸೆಂಬ್ಲಿಯಾಗ ಪ್ರಾರ್ಥನೆ ಇರ್ತದ, ಒಂದು ಹಾಡು ಇರ್ತದ, ನೀವು ಸುಮ್ಮನ ಕೈ ಕಟ್ಟಿ ಗೌರವದಿಂದ ನಿಂತ್ರ ಆಯ್ತು. ಕ್ಲಾಸ್‌ನಾಗ ನೋಡಿದ್ರ ನಮ್ ಕಡಿ ಮಿಷನ್ ಸಾಲಿ ಅಂದ್ರ ಲಿಂಗಾಯತರು, ಮುಸ್ಲಿಮರು, ದಲಿತರು, ಕಬ್ಬಲಿಗರು ಎಲ್ಲಾರ ಮಕ್ಕಳೂ ಇರ್ತಾರ, ಕ್ರಿಶ್ಚಿಯನ್ ಮಕ್ಕಳು ಅವರೊಳಗ ಒಂದಿಷ್ಟು ಮಂದಿ. ಸಂವಿಧಾನದ 28ನೇ ವಿಧಿಯ ಮೂರನೇ ಭಾಗದಾಗ ಸಾಫ್ ಬರದಾರ, ಸರ್ಕಾರದ ಮಾನ್ಯತೆ ಇರೋ ಸಾಲ್ಯಾಗ ಮಗುವಿನ ಪಾಲಕರ ಒಪ್ಪಿಗಿ ಇಲ್ಲದ ಧಾರ್ಮಿಕ ಪಾಠಕ್ಕ ಕೂಡಿಸಂಗಿಲ್ಲ ಅಂತ. ಅದಕ್ಕೇ ಕ್ರಿಶ್ಚಿಯನ್ ಮಕ್ಕಳು ಕ್ಯಾಟೆಕಿಸಂಗೆ, ಅಂದ್ರ ತಮ್ಮ ಧರ್ಮದ ಪಾಠಕ್ಕ, ಹೋದಾಗ ಉಳಿದವರಿಗೆ ಮಾರಲ್ ಸೈನ್ಸ್ ಅಂತ ಇಡ್ತಾರ. ಆ ಮಾರಲ್ ಸೈನ್ಸ್ ಪೀರಿಯಡ್ ಹೊಸ ಟೀಚರ್ ತಲೀಗೆ ಬರೋದು ಜಾಸ್ತಿ, ಬಂದ್ರ ಬ್ಯಾಡ ಅನ್ನಬ್ಯಾಡ್ರಿ, ಅದರಾಗ ಏನ್ ಮಾಡಬಹುದು ಅಂತ ಕೆಳಗ ಹೇಳ್ತೀನಿ. ಕ್ಯಾಥೊಲಿಕ್ ಸಾಲಿ ಇದ್ರ ಹೆಡ್ ಸಿಸ್ಟರ್ ಇಲ್ಲಾ ಫಾದರ್ ಇರ್ತಾರ, ಮೆಥೊಡಿಸ್ಟ್ ಸಾಲಿ ಇದ್ರ ಬಹಳ ಸಲ ನಮ್ಮಂಥ ಮಾಸ್ತರೇ ಹೆಡ್ ಇರ್ತಾರ, ಪಾಸ್ಟರ್ ಕಾರ್ಯಕ್ರಮಕ್ಕ ಬರ್ತಾರ. ಯಾರೇ ಇರ್ಲಿ, ಟೈಮಿಗೆ ಬರೋದು, ಮಕ್ಕಳ ಮ್ಯಾಲ ಕೈ ಎತ್ತದೇ ಇರೋದು, ನೋಟ್‌ಬುಕ್ ತಿದ್ದೋದು, ಇವು ಮೂರು ನೋಡ್ತಾರ.

ಇನ್ನ ಪಾಠದ ಮಾತು. ನಿಮ್ಮ ಕೈಯಾಗಿರೋ ಪುಸ್ತಕದಾಗ ಮೊದಲನೇ ಪಾಠ ಕಂಪ್ಯೂಟರಿನ ಭಾಗಗಳು, ಎರಡನೇದು ಇನ್‌ಪುಟ್ ಔಟ್‌ಪುಟ್ ಡಿವೈಸ್, ಮೂರನೇದು ವರ್ಡ್‌ನಾಗ ಯಾವ ಮೆನು ಎಲ್ಲದ ಅಂತ ಇರ್ತದ ನೋಡ್ರಿ. ಮಕ್ಕಳು ಇದನ್ನ ಮೂರನೇ ಕ್ಲಾಸಿನಿಂದ ಬಾಯಿಪಾಠ ಮಾಡ್ಕೋತ ಬಂದಿರ್ತಾರ, ಸಿಪಿಯು ಅಂದ್ರೇನು ಅಂದ್ರ ಐವತ್ತು ಮಂದಿ ಒಮ್ಮೆಲೇ ಒದರ್ತಾರ, ಆದ್ರ ಅದು ಏನ್ ಕೆಲಸ ಮಾಡ್ತದ ಅಂದ್ರ ಒಬ್ಬರೂ ಬಾಯಿ ಬಿಡಂಗಿಲ್ಲ. ಈ ವಯಸ್ಸಿನಾಗ, ಅಂದ್ರ ಹನ್ನೊಂದರಿಂದ ಹದಿಮೂರು ವರ್ಷದಾಗ, ಕಲಿಸಬೇಕಾದ್ದು ಲೆಕ್ಕ ಹಾಕಿ ವಿಚಾರ ಮಾಡೋದು, ತಾನೇ ಒಂದು ಏನರ ಮಾಡಿ ನೋಡೋದು. ಮೆನು ಇವತ್ತು ಇಲ್ಲಿರ್ತದ, ನಾಳೆ ಅಲ್ಲಿರ್ತದ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾಗೂ ಆರನೇ ಕ್ಲಾಸಿನ ಹಂತದಿಂದ ಕೋಡಿಂಗ್ ಇರಬೇಕು ಅಂತ ಬರದಾರ, ಸಿಸ್ಟರ್ ಕೇಳಿದ್ರ ಅದನ್ನ ತೋರಸ್ರಿ.

ಆರನೇ ಕ್ಲಾಸಿನಿಂದ ಶುರು ಮಾಡ್ತೀನಿ. ಮೊದಲನೇ ವಾರ ಲ್ಯಾಬಿಗೆ ಕರ್ಕೊಂಡು ಹೋಗಬ್ಯಾಡ್ರಿ. ಐದು ದೊಡ್ಡ ರಟ್ಟಿನ ಕಾರ್ಡ್ ಮಾಡ್ರಿ, ಒಂದರ ಮ್ಯಾಲ 16 ಚುಕ್ಕಿ, ಮುಂದ 8, 4, 2, 1, ಹಿಂದಿನ ಬದಿ ಖಾಲಿ. ಐದು ಮಕ್ಕಳನ್ನ ಸಾಲಾಗಿ ನಿಂದರ್ಸಿ ಕೈಯಾಗ ಕೊಡ್ರಿ, ಚುಕ್ಕಿ ತೋರಿಸಿದ್ರ ಒಂದು, ತಿರುಗಿಸಿದ್ರ ಸೊನ್ನಿ. ಈಗ ಕ್ಲಾಸಿನಾಗ ಒಬ್ಬರ ಹುಟ್ಟಿದ ತಾರೀಖು ಕೇಳ್ರಿ, 19 ಅಂದ್ರ 16, 2, 1 ಏಳಬೇಕು, 8 ಮತ್ತ 4 ಮುಚ್ಚಬೇಕು. ಐದು ಕಾರ್ಡಿಗೆ ಹೆಚ್ಚಂದ್ರ 31 ಬರ್ತದ, ತಿಂಗಳಾಗ ತಾರೀಖೂ 31ರ ತನಕ, ಹಿಂಗಾಗಿ ಯಾವ ಮಗುವಿನ ತಾರೀಖೂ ಹೊರಗ ಉಳಿಯಂಗಿಲ್ಲ. ಆರನೇ ಕಾರ್ಡ್ ಮಾಡಬೇಕಂದ್ರ ಎಷ್ಟು ಚುಕ್ಕಿ ಅಂತ ಕೇಳ್ರಿ, ಯಾರರ ಒಬ್ಬರು 32 ಅಂತಾರ, ಆಗ ಇಡೀ ಕ್ಲಾಸಿಗೆ ತಿಳೀತದ. ಬೈನರಿ ಅನ್ನೋ ಹೆಸರು ಆಮ್ಯಾಲ ಹೇಳಿದ್ರ ನಡೀತದ. ಈ ತರ ಮಷಿನ್ ಇಲ್ಲದ ಕಲಿಸೋ ಆಟಗಳನ್ನ ನ್ಯೂಜಿಲೆಂಡಿನ ಕ್ಯಾಂಟರ್ಬರಿ ಯೂನಿವರ್ಸಿಟಿಯವರು ಸಿಎಸ್ ಅನ್‌ಪ್ಲಗ್ಡ್ ಅಂತ ಮಾಡಿ ಫುಕಟ್ ಇಟ್ಟಾರ, ಇಳಿಸಿಕೊಳ್ರಿ. ಕರೆಂಟ್ ಹೋದ ದಿನ ಇವೇ ನಿಮ್ಮ ಕೈ ಹಿಡಿತಾವ.

ಇನ್ನೊಂದು ನನಗ ಭಾಳ ಪ್ರೀತಿದು. ಮಿಷನ್ ಸಾಲಿ ಲೈಬ್ರರಿಯಾಗ ಒಂದರ ದಪ್ಪ ಡಿಕ್ಷನರಿ ಇದ್ದೇ ಇರ್ತದ. ಅದನ್ನ ಟೇಬಲ್ ಮ್ಯಾಲ ಇಟ್ಟು ಒಂದು ಶಬ್ದ ಕೊಟ್ಟು, ಮೊದಲನೇ ಪುಟದಿಂದ ಹುಡುಕ್ರಿ ಅನ್ರಿ, ಒಂದ್ ನಿಮಿಷಕ್ಕ ಮಕ್ಕಳಿಗೆ ಬ್ಯಾಸರಾಗ್ತದ. ಆಮ್ಯಾಲ ನಟ್ಟ ನಡುವ ತೆಗೀರಿ, ಶಬ್ದ ಹಿಂದದ ಏನ್ ಮುಂದದ ಅಂತ ಕೇಳಿ ಅರ್ಧ ಪುಸ್ತಕ ಬಿಡ್ರಿ, ಉಳಿದ ಅರ್ಧದಾಗ ಮತ್ತ ನಡುವ ತೆಗೀರಿ. ಸಾವಿರ ಪುಟದ ಪುಸ್ತಕ ಇದ್ರೂ ಹತ್ತು ಸಲ ತೆಗೆಯೋದ್ರಾಗ ಪುಟ ಸಿಗ್ತದ. ಇಲ್ಲಿ ಕಿಟ್ಟೆಲ್ ಅವರ ಮಾತು ತಗೀರಿ: ಬಾಸೆಲ್ ಮಿಷನ್‌ನಿಂದ 1853ರಾಗ ಜರ್ಮನಿಯಿಂದ ಬಂದವರು, 1894ರಾಗ ಮಂಗಳೂರಾಗ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯ್ತು, ಸುಮಾರು 70,000 ಶಬ್ದ. ಅಷ್ಟು ಶಬ್ದದಾಗ ಒಂದು ಹುಡುಕಬೇಕಂದ್ರ ಅರ್ಧ ಅರ್ಧ ಮಾಡ್ಕೋತ ಹೋದ್ರ ಹದಿನೇಳು ಸಲ ನೋಡಿದ್ರ ಸಾಕು. ಮಕ್ಕಳು ನಂಬಂಗಿಲ್ಲ, ನೀವು ಹೇಳಬ್ಯಾಡ್ರಿ, ಅವರೇ ಬೋರ್ಡ್ ಮ್ಯಾಲ ಬಂದು 70,000ನ ಭಾಗಿಸ್ಕೋತ ಹೋಗ್ಲಿ. ಆದ್ರ ಒಂದು ಪ್ರಶ್ನಿ ಮಾತ್ರ ಕೇಳ್ರಿ, ಶಬ್ದಗಳು ಅಕ್ಷರದ ಪ್ರಕಾರ ಜೋಡಿಸಿ ಇರದೇ ಇದ್ರ ಈ ಉಪಾಯ ನಡೀತದೇನು ಅಂತ. ಅಲ್ಲಿಂದ ಸಾರ್ಟಿಂಗ್, ಅಂದ್ರ ಕ್ರಮವಾಗಿ ಜೋಡಿಸೋ ಪಾಠ ತಾನೇ ಶುರುವಾಗ್ತದ, ಅಸೆಂಬ್ಲಿಯಾಗ ಎತ್ತರದ ಪ್ರಕಾರ ನಿಲ್ಲೋದು ಹ್ಯಾಂಗೂ ಅವರಿಗೆ ರೂಢಿ ಅದ, ಬಾಜೂದವರನ್ನ ನೋಡಿ ಜಾಗಾ ಬದಲಿ ಮಾಡ್ಕೊಳ್ರಿ ಅಂದ್ರ ಅದೇ ಬಬಲ್ ಸಾರ್ಟ್.

ಏಳನೇ ಕ್ಲಾಸಿಗೆ ಸ್ಕ್ರ್ಯಾಚ್, ಅಂದ್ರ ಬಣ್ಣದ ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಸೋ ಸಾಫ್ಟ್‌ವೇರ್. ಅಮೆರಿಕದ ಎಂಐಟಿಯವರು 2007ರಾಗ ಹೊರಗ ತಂದದ್ದು, ದುಡ್ಡಿಲ್ಲ, ಇಂಟರ್‌ನೆಟ್ ಇಲ್ಲದನೂ ನಡೆಯೋ ಆವೃತ್ತಿ ಅದ, ಪೆನ್‌ಡ್ರೈವ್‌ನಾಗ ತಂದು ಹಾಕ್ರಿ. ಅದರಾಗಿನ ಬೆಕ್ಕಿನ ಗೊಂಬಿ ಓಡಿಸೋದು ಎರಡು ಪೀರಿಯಡ್ ಸಾಕು, ಆಮ್ಯಾಲ ಗೆರಿ ಎಳಿಯೋ ಪೆನ್ ಬ್ಲಾಕ್ ತೆಗೆದು ಚಿತ್ರಕ್ಕ ಹೋಗ್ರಿ. ನಾ ಬಿದ್ರಿ ಹೂದಾನಿಯ ಫೋಟೊ ತೋರಸ್ತೀನಿ, ಬೀದರ್ ನಮ್ಮ ಬಾಜೂಕೇ ಅದ, ಮಕ್ಕಳು ನೋಡಿರ್ತಾರ. ಅದರ ಮ್ಯಾಲ ಬೆಳ್ಳಿಯಾಗ ಒಂದೇ ಎಸಳು ಸುತ್ತ ತಿರುಗಿ ಬಂದಿರ್ತದ ನೋಡ್ರಿ, ಆ ಒಂದು ಎಸಳು ಬರಿಯೋ ಕೋಡ್ ಮಾಡ್ಸಿ, ಹನ್ನೆರಡು ಸಲ ರಿಪೀಟ್, ಪ್ರತಿ ಸಲ ಎಷ್ಟು ಡಿಗ್ರಿ ತಿರುಗಬೇಕು ಅಂತ ಅವರಿಗೇ ಬಿಡ್ರಿ. ಮೊದಲು 10 ಹಾಕ್ತಾರ, ಹೂ ಅರ್ಧಕ್ಕ ನಿಲ್ತದ, 45 ಹಾಕ್ತಾರ, ಒಂದರ ಮ್ಯಾಲ ಒಂದು ಕೂಡ್ತಾವ, ಕಡೀಕ 360ನ 12ರಿಂದ ಭಾಗಿಸಬೇಕು ಅಂತ ಯಾರರ ಕೂಗ್ತಾರ. ಆ ಕೂಗು ಕೇಳೋದಕ್ಕೇ ನಾ ಈ ಕೆಲಸ ಮಾಡ್ತೀನಿ ಅಂದ್ರೂ ನಡೀತದ. ಗಣಿತದಾಗ ಹಿಂದುಳಿದಾಳ ಅಂತ ಅನಿಸ್ಕೊಂಡ ಹುಡುಗಿ ಇಲ್ಲಿ ಎಲ್ಲಾರಿಗಿಂತ ಚೊಲೊ ಚಿತ್ರ ತಗೀತಾಳ, ಹಂಗಾಗೋದು ನಾ ಮತ್ತ ಮತ್ತ ನೋಡೀನಿ.

ಎಂಟನೇ ಕ್ಲಾಸಿಗೆ ಎರಡು ಕೆಲಸ ಹೇಳ್ತೀನಿ. ಒಂದು ಸ್ಪ್ರೆಡ್‌ಶೀಟ್, ಲಿಬ್ರೆ ಆಫೀಸ್ ಹಾಕ್ರಿ, ಫುಕಟ್ ಅದ, ಹಳೇ ಮಷಿನ್‌ನಾಗೂ ಓಡ್ತದ. ಪುಸ್ತಕದಾಗ ಇರೋ ಐದು ವಿದ್ಯಾರ್ಥಿಗಳ ಮಾರ್ಕ್ಸ್ ಉದಾಹರಣಿ ಬಿಟ್ಟುಬಿಡ್ರಿ. ತೊಗರಿ ರೇಟ್ ತಗೋರಿ. ನಿಮ್ ಮಕ್ಕಳಾಗ ಅರ್ಧ ಮಂದಿ ಮನ್ಯಾಗ ತೊಗರಿ ಇಲ್ಲಾ ಹತ್ತಿ ಇರ್ತದ, ಎಪಿಎಂಸಿ ರೇಟ್ ಅಪ್ಪ ದಿನಾ ಫೋನ್‌ನಾಗ ನೋಡ್ತಾನ, ಅದನ್ನ ಒಂದು ತಿಂಗಳು ಬರ್ಕೊಂಡು ಬರ್ರಿ ಅಂತ ಹೇಳ್ರಿ. 2025-26ಕ್ಕ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು, ಕಂಡಿಷನಲ್ ಫಾರ್ಮ್ಯಾಟಿಂಗ್ (ಷರತ್ತಿನ ಪ್ರಕಾರ ಬಣ್ಣ ಬದಲಿಸೋ ಸವಲತ್ತು) ಹಾಕಿ, ಅದಕ್ಕಿಂತ ಕೆಳಗ ಬಿದ್ದ ದಿನ ಕೆಂಪಾಗಲಿ, ಆಮ್ಯಾಲ ಗ್ರಾಫ್ ತಗೀಲಿ. ಆ ಗ್ರಾಫ್ ಪ್ರಿಂಟ್ ಮಾಡಿ ಮನೀಗೆ ಕೊಡ್ರಿ, ಪಾಲಕರ ಸಭಾಕ್ಕ ಎಂದೂ ಬರದಿದ್ದ ಅಪ್ಪಂದಿರು ಬಂದು ಅದರ ಬಗ್ಗೆ ಮಾತಾಡ್ತಾರ.

ಎರಡನೇದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷಾ, ಸ್ವಲ್ಪೇ ಸ್ವಲ್ಪ. ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ ಅಂತ ಅನಿಸ್ಕೊಂಡ್ರೂ ಮನ್ಯಾಗ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡ್ತಾರ, ಕಂಪ್ಯೂಟರ್ ಅಂದ್ರ ಇಂಗ್ಲಿಷ್ ಬರೋರಿಗೆ ಮಾತ್ರ ಅಂತ ಒಂದು ಅಂಜಿಕಿ ಒಳಗ ಕುಂತಿರ್ತದ, ಅದನ್ನ ತೆಗೀಲೇಬೇಕು. ಪೈಥಾನ್‌ನ ಮೂರನೇ ಆವೃತ್ತಿಯಾಗ ವೇರಿಯಬಲ್ (ಅಂಕಿ ತುಂಬಿಡೋ ಡಬ್ಬಿ ಇದ್ದಂಗ) ಹೆಸರು ಕನ್ನಡದಾಗ ಇಟ್ರೂ ನಡೀತದ, ಬೆಲೆ, ತೂಕ ಅಂತ ಇಟ್ಟು ಗುಣಿಸಿ ತೋರಸ್ರಿ. ಆಮ್ಯಾಲ ಕಲಬುರಗಿ ಅಂತ ಬರದು ಅದರ ಉದ್ದ ಎಷ್ಟು ಅಂತ ಕೇಳ್ರಿ. ಕಣ್ಣಿಗೆ ಐದು ಅಕ್ಷರ, ಪೈಥಾನ್ ಏಳು ಅಂತದ. ಬು ಮತ್ತ ಗಿ ಒಳಗಿನ ಗುಣಿತದ ಚಿಹ್ನೆಗಳನ್ನ ಯುನಿಕೋಡ್, ಅಂದ್ರ ಎಲ್ಲಾ ಭಾಷಾದ ಅಕ್ಷರಕ್ಕ ನಂಬರ್ ಕೊಡೋ ಪದ್ಧತಿ, ಬ್ಯಾರೆ ಬ್ಯಾರೆ ಎಣಿಸ್ತದ, ಅದಕ್ಕ. ಊರಾಗ ಡಿಟಿಪಿ ಅಂಗಡ್ಯಾಗ ಹಳೇ ಫಾಂಟ್‌ನಾಗ ಟೈಪ್ ಮಾಡಿದ ಮದುವಿ ಕಾರ್ಡಿನ ಮಾತು ವಾಟ್ಸಾಪ್‌ಗೆ ಹಾಕಿದ್ರ ಯಾಕ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗ್ತದ ಅನ್ನೋದು ಇಲ್ಲೇ ಹೇಳ್ರಿ, ಆ ಫಾಂಟ್ ಇಂಗ್ಲಿಷ್ ಅಕ್ಷರದ ನಂಬರಿಗೇ ಕನ್ನಡದ ಆಕಾರ ತೊಡಿಸಿರ್ತದ, ಫಾಂಟ್ ಇಲ್ಲದ ಕಡಿ ಆಕಾರ ಹೋಗಿ ನಂಬರ್ ಉಳೀತದ. ಎಲ್ಲಾ ಮಕ್ಕಳೂ ಇದನ್ನ ಮನ್ಯಾಗ ನೋಡಿರ್ತಾರ, ಕಾರಣ ಯಾರೂ ಹೇಳಿರಂಗಿಲ್ಲ.

ಮಾರಲ್ ಸೈನ್ಸ್ ಪೀರಿಯಡ್ ಸಿಕ್ರ ಫೋನ್‌ನ ಮಾತು ತಗೀರಿ. ಅಪ್ಪ ಅವ್ವಗ ಓದಲಿಕ್ಕೆ ಬರದ ಮನ್ಯಾಗ ಫೋನ್ ಪೇ ನಡಿಸೋದು ಈ ಏಳನೇ ಕ್ಲಾಸಿನ ಮಕ್ಕಳೇ. ದುಡ್ಡು ನಮ್ ಅಕೌಂಟಿಗೆ ಬರಬೇಕಂದ್ರ ಪಿನ್ ಹಾಕೋದು ಬೇಕೇ ಇಲ್ಲ, ಯಾರರ ದುಡ್ಡು ಕಳಸ್ತೀವಿ ಪಿನ್ ಒತ್ತು ಅಂದ್ರ ಮೋಸ, ಇದೊಂದು ಮಾತು ತಲಿಯಾಗ ಕುಂದರಬೇಕು. ದುಡ್ಡು ಹೋದ್ರ ತಡ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್, ತಮಗ ಯಾರರ ತ್ರಾಸ ಕೊಟ್ರ ಮಕ್ಕಳ ಸಹಾಯವಾಣಿ 1098. ಇದನ್ನ ಬೋರ್ಡ್ ಮ್ಯಾಲ ಬರದು ನಾಕು ಸಲ ಹೇಳಿಸ್ರಿ. ಯಾರಿಗೂ ತಮ್ಮ ಫೋಟೊ ಕಳಸಬಾರದು ಅನ್ನೋ ವಿಷಯ ಹುಡುಗಿಯರಿಗೆ ಹೇಳೋವಾಗ ಸಿಸ್ಟರ್‌ನ ಕೂಡಿಸ್ಕೊಂಡೇ ಮಾತಾಡ್ರಿ.

ಲ್ಯಾಬ್ ಬಗ್ಗೆ. ಒಂದು ಮಷಿನ್‌ಗೆ ಇಬ್ಬರು ಇದ್ರ ಅದು ಕೊರತಿ ಅಲ್ಲ, ಒಬ್ಬರು ಕೀಬೋರ್ಡ್ ಹಿಡಿಬೇಕು, ಇನ್ನೊಬ್ಬರು ಮುಂದೇನು ಅಂತ ಹೇಳಬೇಕು, ಹತ್ತು ನಿಮಿಷಕ್ಕ ಚಪ್ಪಾಳಿ ಹೊಡದು ಬದಲಿ ಮಾಡಸ್ರಿ. ನೀವು ಬದಲಿ ಮಾಡಸದೇ ಇದ್ರ ಮೌಸ್ ಹುಡುಗನ ಕೈಯಾಗೇ ಉಳೀತದ, ಹುಡುಗಿ ನೋಡ್ಕೋತ ಕೂಡ್ತಾಳ, ಇದರಾಗ ಸಡಿಲ ಬಿಡಲೇಬ್ಯಾಡ್ರಿ. ಮೂರು ಮಂದಿ ಆದ್ರ ಮೂರನೇದವರು ವಹಿಯಾಗ ಬರ್ಕೊಳ್ಳಿ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರು 14 ಅಕ್ಟೋಬರ್ 2025ಕ್ಕ ಮಾಮೂಲಿ ಸಪೋರ್ಟ್ ನಿಲ್ಲಿಸಿದಾರ, ಹೊಸ ಮಷಿನ್‌ಗೆ ದುಡ್ಡಿಲ್ಲ ಅಂದ್ರ ವಿಂಡೋಸ್ ಬದಲಿಗೆ ಫುಕಟ್ ಸಿಗೋ ಲಿನಕ್ಸ್ ಹಾಕಿಕೊಡ್ತೀನಿ ಅಂತ ಹೇಳ್ರಿ, ಬಿಸಿಎ ಓದಿದವರಿಗೆ ಒಂದು ಶನಿವಾರದ ಕೆಲಸ.

ಗ್ವಾಡಿ ಮ್ಯಾಲ ಒಂದು ಫೋಟೊ ಹಚ್ಚರಿ. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಅಂತ ಒಬ್ಬ ಕ್ಯಾಥೊಲಿಕ್ ಸಿಸ್ಟರ್ 1965ರಾಗ ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯಾಗ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ತಗೊಂಡ್ರು, ಆ ದೇಶದಾಗ ಈ ವಿಷಯಕ್ಕ ಪಿಎಚ್‌ಡಿ ಪಡೆದ ಮೊದಲನೇ ಹೆಣ್ಣುಮಗಳು ಅವರು, ಆಮ್ಯಾಲ ಅಯೋವಾದ ಕ್ಲಾರ್ಕ್ ಕಾಲೇಜ್‌ನಾಗ ಕಂಪ್ಯೂಟರ್ ವಿಭಾಗ ಕಟ್ಟಿ ಸುಮಾರು 20 ವರ್ಷ ನಡಿಸಿದ್ರು. ನಿಮ್ಮ ಸಿಸ್ಟರ್‌ಗೂ ಖುಷಿ ಆಗ್ತದ, ಹುಡುಗಿಯರೂ ನೋಡ್ತಾರ.

ಕಡೀಕ ವರ್ಷದ ಪ್ಲಾನ್, ಇದು ಯಾರೂ ಹೇಳಂಗಿಲ್ಲ. ಮಿಷನ್ ಸಾಲಿಗಳು ಕ್ರಿಸ್‌ಮಸ್ ರಜಾ ಬೇಕಂತ ದಸರಾ ರಜಾ ಕಮ್ಮಿ ಮಾಡ್ಕೊಳ್ಳೋದು ಉಂಟು, ಅಕ್ಟೋಬರ್‌ನಾಗ ಊರಿಗೆ ಹೋಗೋ ಟಿಕೆಟ್ ಮಾಡಿಸೋಕಿಂತ ಮೊದಲು ಆಫೀಸ್‌ನಾಗ ಕೇಳ್ರಿ. ಡಿಸೆಂಬರ್ ಬಂದ್ರ ಗೋದಲಿ, ಡ್ಯಾನ್ಸ್, ಕ್ಯಾರಲ್ ಪ್ರಾಕ್ಟೀಸ್ ಅಂತ ಅರ್ಧ ಕ್ಲಾಸ್ ಖಾಲಿ ಇರ್ತದ, ಹೊಸ ಪಾಠ ಇಡಬ್ಯಾಡ್ರಿ, ಆಮಂತ್ರಣ ಪತ್ರಿಕಾ, ಸರ್ಟಿಫಿಕೇಟ್, ಸ್ಟೇಜ್ ಹಿಂದ ತೋರಿಸೋ ಸ್ಕ್ರ್ಯಾಚ್ ನಕ್ಷತ್ರ, ಇವನ್ನ ಮಕ್ಕಳ ಕೈಲೆ ಮಾಡಸ್ರಿ, ಅದೇ ಅವರ ಪ್ರಾಜೆಕ್ಟ್ ಮಾರ್ಕ್ಸ್. ಸ್ಕ್ರ್ಯಾಚ್ ನವೆಂಬರ್ ಒಳಗ ಮುಗಿಸ್ರಿ, ಪೈಥಾನ್ ಜನವರಿಗೆ. ಮತ್ತ ಮಾರ್ಚ್‌ನಾಗ ನಮ್ ಕಡಿ ಮಧ್ಯಾಹ್ನದ ಬಿಸಿಲಿಗೆ ಲ್ಯಾಬ್‌ನಾಗ ಕುಂದರಲಿಕ್ಕೆ ಆಗಂಗಿಲ್ಲ, ಮಷಿನ್‌ಗಳೂ ತಾವೇ ಬಂದ್ ಆಗ್ತಾವ, ಹಿಂಗಾಗಿ ಟೈಮ್‌ಟೇಬಲ್ ಮಾಡೋ ಮಾಸ್ತರ್ ಹತ್ರ ಜೂನ್‌ನಾಗೇ ಹೋಗಿ, ಸರ್, ನನ್ನ ಪ್ರಾಕ್ಟಿಕಲ್ ಎಲ್ಲಾ ಮುಂಜಾನಿ ಪೀರಿಯಡ್‌ಗೇ ಹಾಕ್ರಿ ಅಂತ ಕೇಳ್ಕೊಳ್ರಿ.