ಡೀಸೆಲ್ ಒಂದೇ, ನೋಡುವವರು ಮೂವರು

ಪ್ರಶ್ನೆ: ಯೂನಿಟಿ ಎಂಬ ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಗೇಮ್ ಮಾಡುತ್ತಿದ್ದೇನೆ. ಬೈತಖೋಲ ಬಂದರಿನಿಂದ ಹೊರಡುವ ಮೀನುಬೋಟು. ಡೀಸೆಲ್ ಎಷ್ಟಿದೆ ಅಂತ ಎಂಜಿನ್, ಮೀಟರ್, ಅಲಾರಂ ಮೂರಕ್ಕೂ ಗೊತ್ತಾಗಬೇಕು. ಒಂದರ ಕೋಡಿನಲ್ಲಿ ಇನ್ನೊಂದನ್ನು ಎಳೆದು ತಂದು ಗೋಜಲಾಗಿದೆ. ಇನ್ನೊಂದು ಕಿರಿಕಿರಿ: ಬಿರುಗಾಳಿಗೆ ಚುಕ್ಕಾಣಿ ಲಾಕ್ ಮಾಡಿದ್ದರೂ, ಪಾಜ್ ಮೆನು (ಆಟ ತಡೆದು ನಿಲ್ಲಿಸುವ ಪರದೆ) ಮುಚ್ಚಿದರೆ ಆ ಲಾಕ್ ತೆರೆದುಕೊಳ್ಳುತ್ತದೆ.
– ಓದುಗ, ಕಾರವಾರ

ಉತ್ತರ: ತಮ್ಮಾ, ಡೀಸೆಲನ್ನು ಯಾರ ಜೇಬಿನಲ್ಲೂ ಇಡಬೇಡ. ಒಂದು ಸ್ಕ್ರಿಪ್ಟಬಲ್ ಆಬ್ಜೆಕ್ಟ್ (ಪ್ರಾಜೆಕ್ಟಿನಲ್ಲಿ ಅಸೆಟ್, ಅಂದರೆ ಫೈಲ್ ಆಗಿ ಇರುವ, ಎಲ್ಲರೂ ಹಂಚಿಕೊಳ್ಳಬಹುದಾದ ಡೇಟಾ ಡಬ್ಬಿ) ಮಾಡಿ ಅದರಲ್ಲಿಡು. ಡೀಸೆಲ್ ಪ್ರಮಾಣ ನಿಜವಾಗಿ ಬದಲಾದಾಗ ಮಾತ್ರ ಅದು ಈವೆಂಟ್ (‘ಬದಲಾಯಿತು’ ಎಂಬ ಸೂಚನೆ) ಕಳಿಸಲಿ. ಮೀಟರ್ ಸುಮ್ನೆ ಪ್ರತಿ ಫ್ರೇಮಿಗೂ ಇಣುಕೋದು ಬೇಡ. ಮೀಟರ್ ಚಾಲೂ ಆದಾಗ ಓಡುವ ಆನ್‌ಎನೇಬಲ್‌ನಲ್ಲಿ ಈವೆಂಟಿಗೆ ಸೇರಿಸಿದ್ದನ್ನು, ಅದು ಬಂದ್ ಆದಾಗ ಓಡುವ ಆನ್‌ಡಿಸೇಬಲ್‌ನಲ್ಲಿ ತೆಗೆಯಲೇಬೇಕು. ಇಲ್ಲದಿದ್ದರೆ ಸೀನ್ ಬದಲಾದ ಮೇಲೂ ಹಳೇ ಮೀಟರಿಗೆ ಕರೆ ಹೋಗಿ ಎರರ್ ಬರುತ್ತದೆ.

ಲಾಕ್ ವಿಷಯ ಜಾಸ್ತಿ ಮಜಾ. ನೀನು ಇಟ್ಟಿರುವುದು ಒಂದೇ ಬೂಲ್ (ಹೌದು ಅಥವಾ ಇಲ್ಲ ಅಷ್ಟೇ ಹೇಳುವ ವೇರಿಯಬಲ್), ಅಲ್ವಾ? ಗಾಳಿ ಹಾಕಿದ ಬೀಗವನ್ನು ಮೆನು ತೆಗೆಯುತ್ತಿದೆ. ಬೂಲ್ ಬದಲು ಹ್ಯಾಶ್‌ಸೆಟ್ (ಒಂದು ಹೆಸರು ಒಂದೇ ಸಲ ಇರುವ ಪಟ್ಟಿ) ಇಡು. ಲಾಕ್ ಮಾಡುವವರು ತಮ್ಮನ್ನು ಅದಕ್ಕೆ ಸೇರಿಸಲಿ, ಬಿಡುವಾಗ ತಮ್ಮನ್ನಷ್ಟೇ ತೆಗೆಯಲಿ. ಸೆಟ್ ಖಾಲಿಯಾದರೆ ಮಾತ್ರ ಚುಕ್ಕಾಣಿ ತಿರುಗಲಿ. ಬರೀ ಎಣಿಕೆ ಇಟ್ಟರೂ ನಡೆಯುತ್ತದೆ. ಆದರೆ ಒಬ್ಬನೇ ಎರಡು ಸಲ ಬಿಟ್ಟರೆ ಲೆಕ್ಕ ತಪ್ಪುತ್ತದೆ, ನನಗದು ಇಷ್ಟವಿಲ್ಲ.

ಹಾಂ, ಎಡಿಟರಿನಲ್ಲಿ ಆಟ ನಿಲ್ಲಿಸಿದ ಮೇಲೂ ಆ ಡೀಸೆಲ್ ಅಸೆಟ್‌ನಲ್ಲಿ ಬದಲಾದ ಪ್ರಮಾಣ ಹಾಗೇ ಉಳಿಯುತ್ತದೆ. ಆಟ ಶುರುವಾಗುವಾಗ ಟ್ಯಾಂಕ್ ತುಂಬಿಸು.