ಪ್ರಶ್ನೋತ್ತರ: ಮಾತ್ರೆಯ ಕಬ್ಬಿಣ ಅಳೆದರೆ ಲೆಕ್ಕ ಹೆಚ್ಚು ಬರುವುದೇಕೆ?

ಪ್ರಶ್ನೆ: ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯನ್ನು (ಫೆರಸ್ ಸಲ್ಫೇಟ್, ಕಬ್ಬಿಣ 60 ಮಿ.ಗ್ರಾಂ) ಪ್ರಾಜೆಕ್ಟ್‌ಗಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್‌ನಿಂದ ಟೈಟ್ರೇಟ್ ಮಾಡಿದೆ (ಹನಿಹನಿಯಾಗಿ ಸೇರಿಸಿ ಎಷ್ಟು ಹಿಡಿಯಿತೆಂದು ಅಳೆದೆ). ಬೇಗ ಕರಗಲೆಂದು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ದೆ. ಒಂದು ಮಾತ್ರೆಗೆ 74 ಮಿ.ಗ್ರಾಂ ಬರುತ್ತಿದೆ. ಗುಲಾಬಿ ಬಣ್ಣವೂ ನಿಲ್ಲುತ್ತಿಲ್ಲ. ತಪ್ಪೆಲ್ಲಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪರ್ಮಾಂಗನೇಟ್‌ಗೆ ಕಬ್ಬಿಣವೇ ಆಗಬೇಕೆಂದಿಲ್ಲ, ಎಲೆಕ್ಟ್ರಾನ್ ಕೊಡುವ ಯಾವುದೇ ವಸ್ತು ಸಿಕ್ಕರೂ ಅದು ಖರ್ಚಾಗುತ್ತದೆ. ನಿಮ್ಮ ಫ್ಲಾಸ್ಕಿನಲ್ಲಿ ಅಂಥವು ಎರಡಿವೆ. ಒಂದು, ನೀವೇ ಹಾಕಿದ ಕ್ಲೋರೈಡ್. ಕಬ್ಬಿಣ ಜೊತೆಗಿದ್ದಾಗ ಪರ್ಮಾಂಗನೇಟ್ ಅದನ್ನು ಇನ್ನೂ ಸುಲಭವಾಗಿ ಕ್ಲೋರಿನ್ ಆಗಿಸುತ್ತದೆ. ಇನ್ನೊಂದು, ಮಾತ್ರೆಯ ಹೊರಲೇಪದ ಸಕ್ಕರೆ ಮತ್ತು ಬಣ್ಣ. ಇವು ನಿಧಾನವಾಗಿ ವರ್ತಿಸುವುದರಿಂದಲೇ ಗುಲಾಬಿ ಬಣ್ಣ ಬಂದು ಬಂದು ಮಾಯವಾಗುತ್ತಿದೆ.

ಮೊದಲು ಲೇಪ ತೆಗೆಯಿರಿ. 5 ಮಾತ್ರೆಗಳನ್ನು ಒಂದೊಂದಾಗಿ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಟಿಶ್ಯೂ ಕಾಗದದಲ್ಲಿ ಉಜ್ಜಿ. ಬಣ್ಣ ಹೋಗಿ ಒಳಗಿನ ಮಸುಕು ತಿರುಳು ಕಂಡ ಕೂಡಲೇ ನಿಲ್ಲಿಸಿ. ಹೆಚ್ಚು ಹೊತ್ತು ನೆನೆಸಿದರೆ ಕಬ್ಬಿಣವೇ ನೀರಿಗೆ ಹೋಗುತ್ತದೆ. ನಂತರ ಪುಡಿ ಮಾಡಿ, 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಸುಮಾರು 100 ಮಿ.ಲೀ. ಹಾಕಿ ಬೆಚ್ಚಗೆ ಮಾಡಿ ಕಲಕಿ. ಕುದಿಸಬೇಡಿ. ತಳದಲ್ಲಿ ಉಳಿಯುವ ಬಿಳಿ ಚರಟ ಪಿಷ್ಟ, ಟಾಲ್ಕ್‌ನಂಥ ಪೂರಕಗಳದ್ದು. ಅದನ್ನು ಸೋಸಿ, ಫಿಲ್ಟರ್ ಕಾಗದವನ್ನು ಅದೇ ಆಮ್ಲದಿಂದ ಎರಡು ಸಲ ತೊಳೆದು, ಎಲ್ಲವನ್ನೂ 250 ಮಿ.ಲೀ. ಫ್ಲಾಸ್ಕಿಗೆ ಸೇರಿಸಿ. ಕುದಿಸಿ ಆರಿಸಿದ ನೀರಿನಿಂದ ಗೆರೆಯವರೆಗೆ ತುಂಬಿ. ಅದೇ ದಿನ ಟೈಟ್ರೇಟ್ ಮಾಡಿ.

ಇದರಿಂದ 25 ಮಿ.ಲೀ. ಪಿಪೆಟ್ ಮಾಡಿ, 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ. ಮತ್ತು ಫಾಸ್ಫಾರಿಕ್ ಆಮ್ಲ 5 ಮಿ.ಲೀ. ಸೇರಿಸಿ. ಫಾಸ್ಫಾರಿಕ್ ಆಮ್ಲವನ್ನು ಬಿಡಬೇಡಿ: ಫೆರಸ್ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಹುಟ್ಟುವ ಫೆರಿಕ್ ಕಬ್ಬಿಣದ ಹಳದಿ ಬಣ್ಣವನ್ನು ಅದು ಅಡಗಿಸುವುದರಿಂದ ಕೊನೆಯ ಗುಲಾಬಿ ಸ್ಪಷ್ಟವಾಗಿ ಕಾಣುತ್ತದೆ. 0.01 ಮೋಲಾರ್ ಪರ್ಮಾಂಗನೇಟ್ (ಲೀಟರಿಗೆ 1.58 ಗ್ರಾಂ) ಬ್ಯುರೆಟ್‌ನಲ್ಲಿರಲಿ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಅಂತಿಮ ಬಿಂದು. ಗುಲಾಬಿಯ ಬದಲು ಕಂದು ಬಣ್ಣ ಬಂದರೆ ಆಮ್ಲ ಸಾಲದೆಂದು ಅರ್ಥ. ಮ್ಯಾಂಗನೀಸ್ ಡೈಆಕ್ಸೈಡ್ ಹುಟ್ಟಿರುತ್ತದೆ, ಆ ರೀಡಿಂಗ್ ಬಿಟ್ಟುಬಿಡಿ.

ಒಂದು ಪರ್ಮಾಂಗನೇಟ್‌ಗೆ ಐದು ಫೆರಸ್ ಕಬ್ಬಿಣ ಎಂಬ ಲೆಕ್ಕದಲ್ಲಿ, 0.01 ಮೋಲಾರ್ ದ್ರಾವಣದ 1 ಮಿ.ಲೀ. 2.79 ಮಿ.ಗ್ರಾಂ ಕಬ್ಬಿಣಕ್ಕೆ ಸಮ. ರೀಡಿಂಗ್ 10.7 ಮಿ.ಲೀ. ಬಂದರೆ 25 ಮಿ.ಲೀ.ಯಲ್ಲಿ 29.9 ಮಿ.ಗ್ರಾಂ, ಹತ್ತರಿಂದ ಗುಣಿಸಿ ಐದರಿಂದ ಭಾಗಿಸಿದರೆ ಮಾತ್ರೆಗೆ ಸುಮಾರು 59.8. ಒಂದು ಹನಿ ಹೆಚ್ಚಾದರೂ ಮಾತ್ರೆಗೆ ಸುಮಾರು 0.3 ಮಿ.ಗ್ರಾಂ ಏರುತ್ತದೆ, ಹಾಗಾಗಿ ಕೊನೆಯಲ್ಲಿ ಅವಸರ ಬೇಡ.

ಪರ್ಮಾಂಗನೇಟ್ ತೂಗಿ ಕರಗಿಸಿದ ಮಾತ್ರಕ್ಕೆ ಅದರ ಸಾಂದ್ರತೆಯನ್ನು ನಂಬುವಂತಿಲ್ಲ. ದ್ವಿತೀಯ ಪಿಯುಸಿಯಲ್ಲಿ ಮಾಡಿದ ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಪ್ರಯೋಗವೇ ಇಲ್ಲಿ ಕೆಲಸಕ್ಕೆ ಬರುತ್ತದೆ: 4.90 ಗ್ರಾಂ ಮೋರ್ಸ್ ಸಾಲ್ಟನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ 250 ಮಿ.ಲೀ. ಮಾಡಿದರೆ, ಅದರ 10 ಮಿ.ಲೀ.ಗೆ ಸರಿಯಾದ ಪರ್ಮಾಂಗನೇಟ್ 10 ಮಿ.ಲೀ. ಹಿಡಿಯಬೇಕು.

ಪ್ರಶ್ನೆ: ಔಷಧ ಅಂಗಡಿಯ ಫೆರಸ್ ಫ್ಯೂಮರೇಟ್ ಮತ್ತು ಫೆರಸ್ ಆಸ್ಕಾರ್ಬೇಟ್ ಮಾತ್ರೆಗಳಿಗೂ ಇದೇ ವಿಧಾನ ಸಾಕೇ?
– ಪಿಯು ಉಪನ್ಯಾಸಕರು, ಹಾವೇರಿ

ಉತ್ತರ: ಸಾಲದು ಸರ್. ಫ್ಯೂಮರೇಟ್‌ನ ಜೋಡಿ ಬಂಧವನ್ನೂ ಪರ್ಮಾಂಗನೇಟ್ ಉತ್ಕರ್ಷಿಸುತ್ತದೆ, ಅಂದರೆ ಅದರಿಂದಲೂ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಅದಕ್ಕೆ ಸೀರಿಕ್ ಸಲ್ಫೇಟ್ ಬಳಸಿ, ಸೂಚಕ (ಅಂತಿಮ ಬಿಂದುವನ್ನು ಬಣ್ಣದಿಂದ ತೋರಿಸುವ ವಸ್ತು) ಫೆರೋಯಿನ್. ಕೆಂಪು-ಕಿತ್ತಳೆ ಬಣ್ಣ ತಿಳಿ ನೀಲಿಗೆ ತಿರುಗಿದಾಗ ನಿಲ್ಲಿಸಿ. 0.1 ಮೋಲಾರ್ ಸೀರಿಕ್‌ನ 1 ಮಿ.ಲೀ. 5.585 ಮಿ.ಗ್ರಾಂ ಕಬ್ಬಿಣಕ್ಕೆ ಸಮ. ಲೇಬಲ್‌ನಲ್ಲಿರುವ ತೂಕ ಲವಣದ್ದೋ ಕಬ್ಬಿಣದ್ದೋ ಎಂದು ಮೊದಲೇ ನೋಡಿ: 200 ಮಿ.ಗ್ರಾಂ ಫ್ಯೂಮರೇಟ್‌ನಲ್ಲಿ ಕಬ್ಬಿಣ ಇರುವುದು ಸುಮಾರು 66 ಮಿ.ಗ್ರಾಂ.

ಆಸ್ಕಾರ್ಬೇಟ್‌ನದು ಬೇರೆ ಕಥೆ. ಅದರಲ್ಲಿರುವ ವಿಟಮಿನ್ ಸಿ ಪರ್ಮಾಂಗನೇಟ್‌ಗೂ ಸೀರಿಕ್‌ಗೂ ಎಲೆಕ್ಟ್ರಾನ್ ಕೊಡುತ್ತದೆ. ಅಲ್ಲಿ ನೇರ ಟೈಟ್ರೇಶನ್ ಬಿಟ್ಟು, ಫಿನಾಂಥ್ರೊಲಿನ್ ಜೊತೆ ಕಿತ್ತಳೆ ಬಣ್ಣ ಬರಿಸಿ 510 ನ್ಯಾನೋಮೀಟರ್ ಬೆಳಕಿನಲ್ಲಿ ಆ ಬಣ್ಣದ ತೀವ್ರತೆ ಓದುವುದೇ ಒಳ್ಳೆಯದು.

ಪ್ರಶ್ನೆ: ಹಳೆಯ ಮಾತ್ರೆಯಲ್ಲಿ 60ರ ಬದಲು 51 ಮಿ.ಗ್ರಾಂ ಬಂತು. ಪುಡಿ ಕಂದಾಗಿತ್ತು. ಕಬ್ಬಿಣ ಎಲ್ಲಿ ಹೋಯಿತು?
– ಓದುಗರು, ಕಲಬುರಗಿ

ಉತ್ತರ: ಎಲ್ಲಿಗೂ ಹೋಗಿಲ್ಲ. ತೇವ ಮತ್ತು ಗಾಳಿಗೆ ಸಿಕ್ಕು ಒಂದಿಷ್ಟು ಫೆರಸ್ ಫೆರಿಕ್ ಆಗಿದೆ. ಅದಕ್ಕೆ ಕೊಡಲು ಎಲೆಕ್ಟ್ರಾನ್ ಉಳಿದಿಲ್ಲ, ಆದ್ದರಿಂದ ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಟ್ಟು ಕಬ್ಬಿಣ ಬೇಕಿದ್ದರೆ ಆಮ್ಲದ ದ್ರಾವಣಕ್ಕೆ ಶುದ್ಧ ಸತುವಿನ ಚೂರು ಹಾಕಿ ಬೆಚ್ಚಗಿಡಿ. ಹಳದಿ ಪೂರ್ತಿ ಹೋದ ಮೇಲೆ ಉಳಿದ ಸತುವನ್ನು ಸೋಸಿ ತೆಗೆದು ಕೂಡಲೇ ಟೈಟ್ರೇಟ್ ಮಾಡಿ. ಸತು ಉಳಿದರೆ ಹುಟ್ಟಿದ ಫೆರಿಕ್ ಮತ್ತೆ ಫೆರಸ್ ಆಗುತ್ತಲೇ ಇರುತ್ತದೆ, ರೀಡಿಂಗ್ ಏರುತ್ತದೆ. ಎರಡು ರೀಡಿಂಗ್‌ಗಳ ವ್ಯತ್ಯಾಸವೇ ಮಾತ್ರೆಯಲ್ಲಿ ಫೆರಿಕ್ ಆಗಿಹೋದ ಕಬ್ಬಿಣ.